ಕುಸ್ವಾರ್ ಡಬ್ಬಿಯೂ ಡಿಜಿಟಲ್ ಮಾರ್ಕೆಟಿಂಗೂ

"ಮಗ ಬೆಂಗಳೂರಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸದಲ್ಲಿದ್ದಾನೆ" ಎಂದು ನಮ್ಮ ಧರ್ಮಕೇಂದ್ರಗಳ ಹಿರಿಯರು ಹೇಳುವುದನ್ನು ನಾವು ಆಗಾಗ ಕೇಳುತ್ತಿರುತ್ತೇವೆ. "ಅಂದರೆ ಏನು ಕೆಲಸ?" ಎಂದು ಕೇಳಿದರೆ ಮಾತ್ರ "ಕಂಪ್ಯೂಟರಿನಲ್ಲಿ ಏನೋ ಜಾಹೀರಾತು ಹಾಕುವುದಂತೆ" ಎಂಬ ಉತ್ತರ ಬರುತ್ತದೆ. ಇದರಲ್ಲಿ ಹಿರಿಯರ ತಪ್ಪೇನೂ ಇಲ್ಲ. ಈ ಕೆಲಸದಲ್ಲಿರುವ ಯುವಜನರಲ್ಲಿಯೂ ಎಷ್ಟೋ ಮಂದಿ ಬಳಸುವ ಉಪಕರಣಗಳ ಹೆಸರನ್ನು ಪಟಪಟನೆ ಹೇಳುತ್ತಾರೆಯೇ ಹೊರತು, ಅವು ಯಾವ ಪ್ರಶ್ನೆಗೆ ಉತ್ತರ ಕೊಡುತ್ತವೆ ಎಂದು ವಿವರಿಸಲು ತಡವರಿಸುತ್ತಾರೆ. ಈ ಕಸುಬಿನಲ್ಲಿರುವ ಮತ್ತು ಇದನ್ನು ಕಲಿಯಲು ಹೊರಟಿರುವ ಯುವಜನರಿಗಾಗಿ, ಹಾಗೆಯೇ ಸ್ವಸಹಾಯ ಗುಂಪುಗಳಲ್ಲಿ, ಮನೆಯ ಅಡುಗೆಕೋಣೆಯಲ್ಲಿ ಏನಾದರೂ ತಯಾರಿಸಿ ಮಾರುವವರಿಗಾಗಿ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ನಮ್ಮ ಕರಾವಳಿಯಲ್ಲಿ ಕ್ರಿಸ್ಮಸ್ ಸಮಯದಲ್ಲಿ ಕುಸ್ವಾರ್ ಮಾಡಿ ಮಾರುವ ಗೃಹಿಣಿಯರು ಅನೇಕರಿದ್ದಾರೆ. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕೀಸ್ ಎಲ್ಲ ಸೇರಿಸಿ ಒಂದು ಕಿಲೋ ಡಬ್ಬಿ ಕಟ್ಟುತ್ತಾರೆ. ಅಂಥ ಒಬ್ಬ ತಾಯಿ ಈ ಸಲ ಅಂತರ್ಜಾಲದ ಮೂಲಕವೂ ಮಾರೋಣ ಎಂದುಕೊಂಡಿದ್ದಾರೆ, ಕೈಯಲ್ಲಿ ಜಾಹೀರಾತಿಗೆಂದು ಎರಡು ಮೂರು ಸಾವಿರ ರೂಪಾಯಿ ಇದೆ ಎಂದು ಭಾವಿಸಿ. ದೊಡ್ಡ ಕಂಪೆನಿಗೆ ಈ ಮೊತ್ತ ಲೆಕ್ಕಕ್ಕಿಲ್ಲ. ಆದರೆ ಆ ತಾಯಿಗೆ ಅದು ಹತ್ತು ಹನ್ನೆರಡು ಡಬ್ಬಿಗಳ ಲಾಭ. ಆದ್ದರಿಂದ ಯಾವ ರೂಪಾಯಿ ಯಾವ ಗಿರಾಕಿಯನ್ನು ತಂದಿತು ಎಂದು ತಿಳಿಯುವುದು ಇಲ್ಲಿ ಶೋಕಿಯ ಮಾತಲ್ಲ.

ಅಂತರ್ಜಾಲದ ಜಾಹೀರಾತಿಗೆ ಹೆಚ್ಚು ವಯಸ್ಸಾಗಿಲ್ಲ. 1994ರ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ಜಾಲತಾಣದಲ್ಲಿ ಎಟಿ ಆ್ಯಂಡ್ ಟಿ ದೂರವಾಣಿ ಸಂಸ್ಥೆಯ ಒಂದು ಉದ್ದನೆಯ ಪಟ್ಟಿ ಜಾಹೀರಾತು ಕಾಣಿಸಿಕೊಂಡಿತು. ಅದನ್ನು ಕಂಡವರಲ್ಲಿ ಶೇಕಡಾ 44ರಷ್ಟು ಜನ ಅದರ ಮೇಲೆ ಕ್ಲಿಕ್ ಮಾಡಿದರೆಂದು ದಾಖಲೆ ಹೇಳುತ್ತದೆ. ಇಂದು ಅಂಥ ಪಟ್ಟಿ ಜಾಹೀರಾತಿಗೆ ನೂರರಲ್ಲಿ ಒಬ್ಬರು ಸ್ಪಂದಿಸಿದರೂ ದೊಡ್ಡ ಮಾತು. ಅಂದು ಜನ ಕ್ಲಿಕ್ ಮಾಡಿದ್ದು ಹೊಸತನದ ಕುತೂಹಲದಿಂದ. ಕುತೂಹಲ ತೀರಿದ ಮೇಲೆ ಕಣ್ಣುಗಳು ಅದನ್ನು ದಾಟಿಹೋಗಲು ಕಲಿತವು.

ಅದಾಗಿ ಎರಡೇ ವರ್ಷಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಬೆಂಗಳೂರಿನಲ್ಲಿ ಓದಿದ್ದ ಸಬೀರ್ ಭಾಟಿಯಾ ಮತ್ತು ಅವರ ಗೆಳೆಯ ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಜಾಹೀರಾತಿಗೆ ಹೆಚ್ಚು ಹಣ ಸುರಿಯಲಿಲ್ಲ. ಬಳಕೆದಾರರು ಕಳುಹಿಸುವ ಪ್ರತಿಯೊಂದು ಮಿಂಚಂಚೆಯ ಅಡಿಯಲ್ಲಿ, ನೀವೂ ಉಚಿತ ಖಾತೆ ತೆರೆಯಬಹುದು ಎಂಬ ಅರ್ಥದ ಒಂದು ಸಾಲನ್ನು ಸೇರಿಸಿದರು, ಅಷ್ಟೇ. 1997ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಾಗ ಬಳಕೆದಾರರ ಸಂಖ್ಯೆ 80 ಲಕ್ಷ ದಾಟಿತ್ತು. ಗೆಳೆಯನಿಂದ ಬಂದ ಪತ್ರದ ಅಡಿಯಲ್ಲಿದ್ದ ಸಾಲನ್ನು ಜನ ಗೆಳೆಯನ ಶಿಫಾರಸೆಂದೇ ಓದಿದರು. ಕುಸ್ವಾರ್ ಡಬ್ಬಿಯ ಮುಚ್ಚಳದ ಒಳಬದಿಯಲ್ಲಿ ಆ ತಾಯಿಯ ಫೋನ್ ನಂಬರನ್ನು ಅಂಟಿಸುವುದೂ ಇದೇ ಉಪಾಯ. ಡಬ್ಬಿಯನ್ನು ತೆರೆದು ನೆಂಟರ ಮುಂದೆ ಇಟ್ಟಾಗ ಅದು ತನ್ನಷ್ಟಕ್ಕೆ ಕೆಲಸ ಮಾಡುತ್ತದೆ.

ಈಗ ಉಪಕರಣಗಳಿಗೆ ಬರೋಣ. ಮೊದಲನೆಯ ಪ್ರಶ್ನೆ, ಜನ ಏನನ್ನು ಹುಡುಕುತ್ತಿದ್ದಾರೆ, ಯಾವಾಗ ಹುಡುಕುತ್ತಾರೆ ಎಂಬುದು. ಇದಕ್ಕೆ 2006ರಲ್ಲಿ ಆರಂಭವಾದ ಗೂಗಲ್ ಟ್ರೆಂಡ್ಸ್ ಇದೆ, ಉಚಿತ. ಒಂದು ಪದವನ್ನು ಕೊಟ್ಟರೆ ಅದರ ಹುಡುಕಾಟ ವರ್ಷದುದ್ದಕ್ಕೂ ಹೇಗೆ ಏರಿ ಇಳಿಯಿತು ಎಂಬ ರೇಖೆಯನ್ನು ತೋರಿಸುತ್ತದೆ. ಇಲ್ಲಿ ಅನೇಕರು ಎಡವುತ್ತಾರೆ. ರೇಖೆಯ ಮೇಲಿನ 100 ಎಂದರೆ ನೂರು ಜನ ಹುಡುಕಿದರೆಂದಲ್ಲ. ನಾವು ಆರಿಸಿದ ಅವಧಿಯಲ್ಲಿ ಹುಡುಕಾಟ ಅತ್ಯಂತ ಹೆಚ್ಚಿದ್ದ ಗಳಿಗೆಗೆ 100 ಎಂದು ಇಟ್ಟು, ಉಳಿದವನ್ನು ಅದಕ್ಕೆ ಹೋಲಿಸಿ ತೋರಿಸಲಾಗುತ್ತದೆ. ಸಂಖ್ಯೆಯ ಅಂದಾಜು ಬೇಕಿದ್ದರೆ ಗೂಗಲ್ ಜಾಹೀರಾತು ಖಾತೆಯೊಳಗಿರುವ ಕೀವರ್ಡ್ ಪ್ಲ್ಯಾನರ್ ನೋಡಬೇಕು. "ಕುಸ್ವಾರ್" ಎಂದು ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರಗಳ ಎರಡು ಮೂರು ಬಗೆಯ ಕಾಗುಣಿತಗಳಲ್ಲಿ, "ಮಂಗಳೂರು ಕ್ರಿಸ್ಮಸ್ ಸಿಹಿತಿಂಡಿ" ಎಂದು, ಹೀಗೆ ಬೇರೆ ಬೇರೆಯಾಗಿ ಕೊಟ್ಟು ನೋಡಬೇಕು. ಪದ ಅಪರೂಪದ್ದಾದರೆ ಸಾಕಷ್ಟು ಮಾಹಿತಿ ಇಲ್ಲವೆಂದು ಉಪಕರಣವೇ ಹೇಳಿಬಿಡುತ್ತದೆ. ಆಗ ಬೇಸರಪಡಬೇಕಾಗಿಲ್ಲ. ಹೋದ ವರ್ಷ ಗಿರಾಕಿಗಳು ವಾಟ್ಸಾಪ್‌ನಲ್ಲಿ ಕೇಳಿದ ಪ್ರಶ್ನೆಗಳನ್ನು ಮತ್ತೊಮ್ಮೆ ಓದಿದರೆ ಸಾಕು. "ಎಷ್ಟು ದಿನ ಇಡಬಹುದು?", "ಮೊಟ್ಟೆ ಹಾಕಿದ್ದೀರಾ?", "ಮುಂಬಯಿಗೆ ಕಳಿಸ್ತೀರಾ?" ಎಂಬ ಮೂರು ಪ್ರಶ್ನೆಗಳೇ ಜಾಹೀರಾತಿನ ಮೊದಲ ಮೂರು ಸಾಲುಗಳಾಗಬೇಕು. ನಮ್ಮ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಉಪಕರಣ ಇನ್ನೂ ಬಂದಿಲ್ಲ.

ಅಂಗಡಿ ಅಥವಾ ಬೇಕರಿ ಇರುವವರು ಗೂಗಲ್ ನಕ್ಷೆಯಲ್ಲಿ ತಮ್ಮ ವ್ಯವಹಾರವನ್ನು ನೋಂದಾಯಿಸಿಕೊಳ್ಳುವುದು ಅಗತ್ಯ. ಈ ಸೇವೆಗೆ ಮೊದಲು ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿತ್ತು, 2021ರಿಂದ ಬಿಸಿನೆಸ್ ಪ್ರೊಫೈಲ್ ಎನ್ನುತ್ತಾರೆ. ಮನೆಯಿಂದಲೇ ಮಾರುವವರು ವಿಳಾಸವನ್ನು ಮರೆಮಾಡಿ, ಯಾವ ಊರುಗಳಿಗೆ ತಲಪಿಸುತ್ತೇವೆ ಎಂದಷ್ಟೇ ತೋರಿಸುವ ಅವಕಾಶವೂ ಇದೆ. ಒಂಟಿಯಾಗಿರುವ ಮಹಿಳೆಯರು ಇದನ್ನು ಮರೆಯಬಾರದು. ಬಂಧುಬಳಗದವರಿಂದ ಐದು ನಕ್ಷತ್ರಗಳ ಸುಳ್ಳು ಪ್ರಶಂಸೆ ಬರೆಸುವ ಅಭ್ಯಾಸ ಮಾತ್ರ ಬೇಡ. ಅದು ಗೂಗಲ್ ನಿಯಮಕ್ಕೆ ವಿರುದ್ಧ. ಭಾರತೀಯ ಮಾನಕ ಬ್ಯೂರೋ ಕೂಡ 2022ರಲ್ಲಿ ಇಂಥ ವಿಮರ್ಶೆಗಳ ಕುರಿತು ಒಂದು ಮಾನದಂಡವನ್ನು ಹೊರತಂದಿದೆ.

ಪೋಸ್ಟರ್ ತಯಾರಿಸಲು ಇಂದು ಹೆಚ್ಚಿನವರು ಬಳಸುವುದು ಕ್ಯಾನ್ವಾ. 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಈ ಸೇವೆಯಿಂದ ಚಿತ್ರಕಲೆ ಗೊತ್ತಿಲ್ಲದವರೂ ಅರ್ಧ ಗಂಟೆಯಲ್ಲಿ ಅಂದವಾದ ಪೋಸ್ಟರ್ ಮಾಡಬಹುದು. ಅದರ ಗುಣಗಾನ ಎಲ್ಲರಿಗೂ ಗೊತ್ತಿರುವುದರಿಂದ ನಾವು ಅದರಿಂದ ಆಗುವ ಒಂದು ಹಾನಿಯನ್ನು ಹೇಳಬಯಸುತ್ತೇವೆ. ಪೋಸ್ಟರ್ ಚೆಂದವಾಯಿತೆಂದು ಬೆಲೆ, ದಿನಾಂಕ, ಫೋನ್ ನಂಬರು ಎಲ್ಲವನ್ನೂ ಚಿತ್ರದೊಳಗೇ ತುಂಬಿಸಿ ಕಳುಹಿಸುತ್ತೇವೆ. ಓದುವವರು ಆ ನಂಬರನ್ನು ಸುಲಭವಾಗಿ ಒತ್ತಿ ಕರೆ ಮಾಡಲಾಗುವುದಿಲ್ಲ, ಎರಡು ವಾರ ಕಳೆದು ವಾಟ್ಸಾಪ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರ ಫೋನಿನ ಓದುವ ತಂತ್ರಾಂಶಕ್ಕೂ ಅದು ಎಟಕುವುದು ಕಷ್ಟ. ಚಿತ್ರದ ಕೆಳಗೆ ಅದೇ ವಿವರಗಳನ್ನು ನಾಲ್ಕು ಸಾಲಿನಲ್ಲಿ ಬರೆಯಲು ಒಂದು ನಿಮಿಷ ಸಾಕು. ಹಬ್ಬದ ಆಮಂತ್ರಣ, ವೈದ್ಯಕೀಯ ಶಿಬಿರದ ಪ್ರಕಟಣೆ ಕಳುಹಿಸುವ ನಮ್ಮ ಧರ್ಮಕೇಂದ್ರಗಳ ಕಾರ್ಯದರ್ಶಿಗಳಿಗೂ ಇದು ಅನ್ವಯಿಸುತ್ತದೆ.

ಕನ್ನಡದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಳೆಯ ನುಡಿ, ಬರಹ ಮುಂತಾದ ತಂತ್ರಾಂಶಗಳ ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಬರಹವನ್ನು ಜಾಲತಾಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣಿಸುತ್ತದೆ. ಗೂಗಲ್‌ಗೂ ಅದು ಕನ್ನಡವೆಂದು ತಿಳಿಯದು. ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದು "ಕ್ರಿಸ್ಮಸ್" ಎಂಬ ಪದವೇ ಅಂಗವಿಕಲವಾಗುವುದುಂಟು. ಆದುದರಿಂದ ಯುನಿಕೋಡ್‌ನಲ್ಲೇ ಬರೆಯಬೇಕು, ಮುದ್ರಣಕ್ಕೆ ಕೊಡುವ ಮೊದಲು ಕನ್ನಡ ಚೆನ್ನಾಗಿ ಬಲ್ಲ ಒಬ್ಬರಿಗೆ ತೋರಿಸಬೇಕು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಬಳಿಕ ಜಾಹೀರಾತಿನ ಒಕ್ಕಣೆಯನ್ನೂ ಯಂತ್ರದಿಂದಲೇ ಬರೆಸುವವರಿದ್ದಾರೆ. ಹತ್ತು ಬಗೆಯ ಶೀರ್ಷಿಕೆಗಳನ್ನು ಸೂಚಿಸಲು ಅದು ಒಳ್ಳೆಯ ಸಹಾಯಕ. ಆದರೆ ಕುಸ್ವಾರ್ ಬಗ್ಗೆ ಬರೆ ಎಂದರೆ ಅದು ಯಾವ ಊರಿನದೂ ಅಲ್ಲದ ಹೊಗಳಿಕೆಯನ್ನು ಬರೆದುಕೊಡುವುದೇ ಹೆಚ್ಚು. ನೆವ್ರಿಯ ಅಂಚನ್ನು ಮಡಚುವಾಗ ಬೆರಳು ಹೇಗೆ ತಿರುಗಬೇಕೆಂದು ಆ ತಾಯಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಮೂವತ್ತು ಸೆಕೆಂಡುಗಳ ವಿಡಿಯೋದಲ್ಲಿ ಆ ಬೆರಳುಗಳನ್ನೇ ತೋರಿಸಬಹುದಲ್ಲ!

ಇನ್ನು ಜಾಹೀರಾತಿಗೆ ಹಣ ಕೊಡುವ ವಿಚಾರ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಬೂಸ್ಟ್ ಎಂಬ ಗುಂಡಿ ಕಣ್ಣೆದುರಿಗೇ ಇರುತ್ತದೆ, ಒತ್ತಿದರೆ ಹಣ ಹೋಗುತ್ತದೆ, ಲೈಕುಗಳು ಬರುತ್ತವೆ. ಈ ಯಂತ್ರ ನಾವು ಕೇಳಿದ್ದನ್ನು ತಂದುಕೊಡುತ್ತದೆ ಎಂಬುದನ್ನು ಮರೆಯಬಾರದು. ಲೈಕು ಬೇಕೆಂದರೆ ಕಂಡದ್ದಕ್ಕೆಲ್ಲ ಲೈಕು ಒತ್ತುವವರನ್ನೇ ಹುಡುಕಿ ತೋರಿಸುತ್ತದೆ. ಗಿರಾಕಿಯ ಸಂದೇಶ ಬೇಕೆಂದಿದ್ದರೆ ಜಾಹೀರಾತಿನ ಉದ್ದೇಶವನ್ನು ಆರಿಸುವಲ್ಲಿ ಸಂದೇಶ ಎಂದೇ ಆರಿಸಬೇಕು. ಬೇರೆಯವರು ಹೇಗೆ ಜಾಹೀರಾತು ಕೊಡುತ್ತಿದ್ದಾರೆಂದು ನೋಡಲು ಮೆಟಾ ಸಂಸ್ಥೆಯ ಆ್ಯಡ್ ಲೈಬ್ರರಿ ಎಲ್ಲರಿಗೂ ತೆರೆದಿದೆ. 2019ರಿಂದ ಅದರಲ್ಲಿ ಚಾಲ್ತಿಯಲ್ಲಿರುವ ಎಲ್ಲ ಜಾಹೀರಾತುಗಳನ್ನೂ ಕಾಣಬಹುದು. ವೃತ್ತಿಯಲ್ಲಿರುವವರೇ ಇದನ್ನು ಬಳಸುವುದು ಕಡಿಮೆ ಎಂಬುದು ಆಶ್ಚರ್ಯ.

ಯಾರಿಗೆ ತೋರಿಸಬೇಕು? ಕುಸ್ವಾರ್ ತಿನ್ನುವವರು ಮಂಗಳೂರಿನಲ್ಲಿದ್ದಾರೆ ಎಂದು ಮಂಗಳೂರಿಗೇ ಜಾಹೀರಾತು ತೋರಿಸುವುದು ಸಹಜ. ಆದರೆ ಸ್ವಲ್ಪ ಯೋಚಿಸಿ. ಮಂಗಳೂರಿನಲ್ಲಿ ಪ್ರತಿ ಕೇರಿಯಲ್ಲೂ ಕುಸ್ವಾರ್ ಮಾಡುವವರಿದ್ದಾರೆ. ಹಬ್ಬಕ್ಕೆ ಊರಿಗೆ ಬರಲಾಗದೆ ದುಬೈಯಲ್ಲೋ ಕುವೈಟಿನಲ್ಲೋ ಉಳಿದ ಮಗನಿಗೆ, ಮನೆಯಲ್ಲಿ ಇಬ್ಬರೇ ಇರುವ ಅಪ್ಪ ಅಮ್ಮನಿಗೆ ಒಂದು ಡಬ್ಬಿ ತಲಪಿಸಬೇಕೆಂಬ ಆಸೆ ಇರುತ್ತದೆ. ಈ ವಯಸ್ಸಿನಲ್ಲಿ ಅಮ್ಮ ಒಲೆಯ ಮುಂದೆ ಕೂತು ಕರಿಯುವುದೂ ಅವನಿಗೆ ಬೇಡ. ಖರೀದಿಸುವವನು ಅಲ್ಲಿ, ತಿನ್ನುವವರು ಇಲ್ಲಿ. ಜಾಹೀರಾತಿನ ಸ್ಥಳವನ್ನು ದುಬೈ ಎಂದು ಆರಿಸಿ, "ಮನೆಬಾಗಿಲಿಗೆ ತಲಪಿಸಿ ಫೋಟೊ ಕಳುಹಿಸುತ್ತೇವೆ" ಎಂದು ಒಂದು ಸಾಲು ಸೇರಿಸಿದರೆ ಅದೇ ಸೃಜನಶೀಲತೆ. ಇದಕ್ಕೆ ಯಾವ ದುಬಾರಿ ತಂತ್ರಾಂಶವೂ ಬೇಕಾಗಿಲ್ಲ, ನಮ್ಮ ಮನೆಗಳ ಸ್ಥಿತಿಗತಿ ತಿಳಿದಿದ್ದರೆ ಸಾಕು.

ದೊಡ್ಡವರ ಸೃಜನಶೀಲತೆಗೂ ಒಂದು ಉದಾಹರಣೆ ಕೊಡಬೇಕಲ್ಲ. 2021ರ ದೀಪಾವಳಿಗೆ ಕ್ಯಾಡ್‌ಬರಿ ಸಂಸ್ಥೆಯು ಶಾರುಖ್ ಖಾನ್ ಅವರ ಒಂದು ಜಾಹೀರಾತನ್ನು ಮಾಡಿಸಿತು. ಕೊರೋನಾದಿಂದ ಸೊರಗಿದ್ದ ಸಣ್ಣ ಅಂಗಡಿಗಳವರು ಅದರಲ್ಲಿ ತಮ್ಮ ಅಂಗಡಿಯ ಹೆಸರನ್ನು ಸೇರಿಸಿಕೊಳ್ಳಬಹುದಾಗಿತ್ತು. ಕೃತಕ ಬುದ್ಧಿಮತ್ತೆಯ ಸಹಾಯದಿಂದ ನಟನೇ ಆ ಹೆಸರನ್ನು ಉಚ್ಚರಿಸುವಂತೆ ವಿಡಿಯೋ ತಯಾರಾಗುತ್ತಿತ್ತು. ಓಗಿಲ್ವಿ ಸಂಸ್ಥೆ ರೂಪಿಸಿದ ಈ ಯೋಜನೆಗೆ 2022ರಲ್ಲಿ ಕಾನ್ ಜಾಹೀರಾತು ಉತ್ಸವದಲ್ಲಿ ಟೈಟಾನಿಯಂ ಪ್ರಶಸ್ತಿ ಬಂತು. ಎಲ್ಲರೂ ತಂತ್ರಜ್ಞಾನವನ್ನು ಹೊಗಳಿದರು. ನಮಗೆ ಮೆಚ್ಚುಗೆಯಾದದ್ದು ಬೇರೆ: ತನ್ನ ಜಾಹೀರಾತಿನಲ್ಲಿ ಸಂಸ್ಥೆ ಇನ್ನೊಬ್ಬರ ಅಂಗಡಿಗೆ ಜಾಗ ಕೊಟ್ಟಿತು, ಆದ್ದರಿಂದ ಅಂಗಡಿಯವರೇ ಅದನ್ನು ಊರೆಲ್ಲ ಹಂಚಿದರು. ಅದೇ ತಂತ್ರದಿಂದ ಇಂದು ಪ್ರಸಿದ್ಧರ ಮುಖ, ಧ್ವನಿ ಕದ್ದು ಮೋಸದ ವಿಡಿಯೋಗಳೂ ಬರುತ್ತಿವೆ. ಕ್ಯಾಡ್‌ಬರಿಗೆ ನಟನ ಒಪ್ಪಿಗೆ ಇತ್ತು, ಮೋಸಗಾರರಿಗೆ ಇಲ್ಲ.

ಈಗ ಲೆಕ್ಕಕ್ಕೆ ಬರೋಣ, ಇದೇ ಈ ಕಸುಬಿನ ಬೆನ್ನೆಲುಬು. ಗೂಗಲ್ 2005ರಲ್ಲಿ ಅರ್ಚಿನ್ ಎಂಬ ಕಂಪೆನಿಯನ್ನು ಕೊಂಡು, ಅದೇ ವರ್ಷದ ನವೆಂಬರಿನಲ್ಲಿ ಗೂಗಲ್ ಅನಾಲಿಟಿಕ್ಸ್ ಆರಂಭಿಸಿತು. ಜಾಲತಾಣಕ್ಕೆ ಯಾರು ಎಲ್ಲಿಂದ ಬಂದರು, ಯಾವ ಪುಟವನ್ನು ಓದಿದರು, ಎಲ್ಲಿ ಬಿಟ್ಟುಹೋದರು ಎಂದು ಅದು ತೋರಿಸುತ್ತದೆ. ಕೊಂಡಿಯ ಕೊನೆಗೆ ಸೇರಿಸುವ ಯುಟಿಎಂ ಎಂಬ ಬಾಲದ ಮೊದಲ ಅಕ್ಷರದಲ್ಲಿ ಇಂದಿಗೂ ಆ ಅರ್ಚಿನ್ ಹೆಸರು ಅಡಗಿದೆ. ವಾಟ್ಸಾಪ್‌ಗೆ ಕಳುಹಿಸುವ ಕೊಂಡಿಗೆ ಒಂದು ಬಾಲ, ಇನ್‌ಸ್ಟಾಗ್ರಾಮ್‌ಗೆ ಇನ್ನೊಂದು ಬಾಲ ಕಟ್ಟಿದರೆ ಬಂದವರು ಯಾವ ದಾರಿಯಿಂದ ಬಂದರೆಂದು ತಿಳಿಯುತ್ತದೆ. ಜಾಲತಾಣವೇ ಇಲ್ಲದ ನಮ್ಮ ಕುಸ್ವಾರ್ ತಾಯಿಗೆ ಇದಕ್ಕಿಂತ ಸುಲಭದ ದಾರಿಯಿದೆ. ಒತ್ತಿದೊಡನೆ ವಾಟ್ಸಾಪ್ ತೆರೆದು, ಮೊದಲೇ ಬರೆದಿಟ್ಟ ಸಂದೇಶವನ್ನು ತೋರಿಸುವ ಕೊಂಡಿಯನ್ನು ಉಚಿತವಾಗಿ ಮಾಡಿಕೊಳ್ಳಬಹುದು. ಇನ್‌ಸ್ಟಾಗ್ರಾಮ್ ಕೊಂಡಿಯಲ್ಲಿ "ಇನ್‌ಸ್ಟಾದಲ್ಲಿ ನೋಡಿದೆ, ಬೆಲೆ ತಿಳಿಸಿ" ಎಂದೂ, ಕರಪತ್ರದ ಕ್ಯುಆರ್ ಕೋಡ್‌ನಲ್ಲಿ "ಕರಪತ್ರ ನೋಡಿದೆ, ಬೆಲೆ ತಿಳಿಸಿ" ಎಂದೂ ಇಟ್ಟರಾಯಿತು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಹುಟ್ಟಿದ ಕ್ಯುಆರ್ ಕೋಡ್ ಇಂದು ಮೀನಿನ ಬುಟ್ಟಿಯವರೆಗೂ ಬಂದಿದೆ.

ಕಾಲ್ಪನಿಕ ಲೆಕ್ಕವೊಂದನ್ನು ಮಾಡಿ ನೋಡೋಣ. ಇನ್‌ಸ್ಟಾಗ್ರಾಮ್‌ಗೆ 2,000 ರೂಪಾಯಿ ಖರ್ಚಾಯಿತು, 400 ಜನ ಒತ್ತಿದರು, 8 ಡಬ್ಬಿ ಮಾರಾಟವಾಯಿತು. ಕರಪತ್ರಕ್ಕೆ 600 ರೂಪಾಯಿ, 40 ಜನ ಸ್ಕ್ಯಾನ್ ಮಾಡಿದರು, 6 ಡಬ್ಬಿ. ಹಳೆಯ ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ತಿಳಿಸಿದ್ದಕ್ಕೆ ಖರ್ಚಿಲ್ಲ, 15 ಡಬ್ಬಿ. ನೋಡಿದವರ ಸಂಖ್ಯೆಯನ್ನು ಮಾತ್ರ ನೋಡಿದರೆ ಇನ್‌ಸ್ಟಾಗ್ರಾಮ್ ಗೆದ್ದಿತು. ಆದರೆ ಅಲ್ಲಿ ಒಂದು ಡಬ್ಬಿ ಮಾರಲು 250 ರೂಪಾಯಿ ಬಿತ್ತು, ಕರಪತ್ರಕ್ಕೆ 100. ಡಬ್ಬಿಯ ಮೇಲಿನ ಲಾಭ 180 ರೂಪಾಯಿ ಆಗಿದ್ದರೆ ಇನ್‌ಸ್ಟಾಗ್ರಾಮ್‌ನ ಪ್ರತಿ ಡಬ್ಬಿಗೆ ಆ ತಾಯಿ 70 ರೂಪಾಯಿ ಕೈಯಿಂದ ಹಾಕಿದಂತಾಯಿತು. ಇಷ್ಟಕ್ಕೇ ತೀರ್ಪು ಕೊಡುವುದೂ ಸರಿಯಲ್ಲ. ಆ ಎಂಟು ಮಂದಿ ಹೊಸಬರು. ಅವರಲ್ಲಿ ನಾಲ್ವರು ಮುಂದಿನ ವರ್ಷ ತಾವಾಗಿಯೇ ಕೇಳಿಕೊಂಡು ಬಂದರೆ ಲೆಕ್ಕ ತಿರುಗುತ್ತದೆ. ಅದು ತಿಳಿಯಬೇಕಾದರೆ ಈ ವರ್ಷ ಅವರ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಾದರೂ ಬರೆದಿಟ್ಟಿರಬೇಕು. ತಮ್ಮನ್ನು ವೃತ್ತಿಪರರೆಂದು ಹೇಳಿಕೊಂಡು ಶುಲ್ಕ ತೆಗೆದುಕೊಳ್ಳುವವರು ತಿಂಗಳ ಕೊನೆಗೆ ಲೈಕುಗಳ ಪಟ್ಟಿಯನ್ನು ಮಾತ್ರ ಕೊಟ್ಟರೆ, ಈ ಲೆಕ್ಕವನ್ನು ಕೇಳುವ ಹಕ್ಕು ಹಣ ಕೊಟ್ಟವರಿಗಿದೆ.

ಎರಡು ಬಗೆಯ ಜಾಹೀರಾತುಗಳನ್ನು ಒಟ್ಟಿಗೆ ಬಿಟ್ಟು ಹೋಲಿಸುವ ಪದ್ಧತಿಯೂ ಇದೆ. 2008ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಬರಾಕ್ ಒಬಾಮ ಅವರ ಜಾಲತಾಣದಲ್ಲಿ ಡ್ಯಾನ್ ಸಿರೋಕರ್ ಎಂಬವರ ತಂಡ ಚಿತ್ರ, ವಿಡಿಯೋ ಮತ್ತು ಗುಂಡಿಯ ಬರಹವನ್ನು ಬದಲಿಸುತ್ತಾ 24 ಬಗೆಯ ಪುಟಗಳನ್ನು ಪರೀಕ್ಷಿಸಿತು. ತಂಡದವರೆಲ್ಲ ವಿಡಿಯೋ ಗೆಲ್ಲುತ್ತದೆ ಎಂದುಕೊಂಡಿದ್ದರು. ಗೆದ್ದದ್ದು ಒಬಾಮ ಕುಟುಂಬದ ಒಂದು ಸರಳ ಚಿತ್ರ. ಹೆಸರು ನೋಂದಾಯಿಸಿದವರ ಪ್ರಮಾಣ ಶೇಕಡಾ 8.26ರಿಂದ 11.6ಕ್ಕೆ ಏರಿತು. ಆದರೆ ಅಲ್ಲಿ ಲಕ್ಷಾಂತರ ಜನ ಬಂದಿದ್ದರು. ಇಪ್ಪತ್ತು ಜನ ನೋಡಿದ ಎರಡು ಪೋಸ್ಟರುಗಳಲ್ಲಿ ಒಂದಕ್ಕೆ ಮೂರು, ಇನ್ನೊಂದಕ್ಕೆ ಐದು ಕರೆ ಬಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಉಪಕರಣಗಳನ್ನು ನೆಚ್ಚಿಕೊಳ್ಳುವವರು ಅವುಗಳ ಆಯುಷ್ಯವನ್ನೂ ಗಮನಿಸಬೇಕು. ಒಂದು ಕಾಲದಲ್ಲಿ ನಮ್ಮ ಯುವಜನರೆಲ್ಲ ಇದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. 2019ರಲ್ಲಿ ಗೂಗಲ್ ಪ್ಲಸ್ ಹೋಯಿತು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಲಕ್ಷಗಟ್ಟಲೆ ಅನುಯಾಯಿಗಳನ್ನು ಗಳಿಸಿದ್ದವರು ಮರುದಿನ ಬರಿಗೈಯಲ್ಲಿದ್ದರು. ಎರಡು ಬಗೆಯ ಪುಟಗಳನ್ನು ಉಚಿತವಾಗಿ ಹೋಲಿಸುತ್ತಿದ್ದ ಗೂಗಲ್ ಆಪ್ಟಿಮೈಸ್ 2023ರಲ್ಲಿ ನಿಂತಿತು. ಅನಾಲಿಟಿಕ್ಸ್‌ನ ಹಳೆಯ ರೂಪವೂ ಅದೇ ವರ್ಷ ಜುಲೈ 1ರಂದು ಕೊನೆಗೊಂಡು ಎಲ್ಲರೂ ಹೊಸತನ್ನು ಕಲಿಯಬೇಕಾಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ಸ್ತಬ್ಧವಾದದ್ದು ಹಲವರಿಗೆ ನೆನಪಿರಬಹುದು. ಇವೆಲ್ಲ ಬಾಡಿಗೆ ಮನೆಗಳು. ಗಿರಾಕಿಗಳ ಹೆಸರು, ನಂಬರುಗಳ ಸ್ವಂತ ಪಟ್ಟಿಯೊಂದೇ ನಮ್ಮ ಜಾಗ.

ಆ ಪಟ್ಟಿ ಎಲ್ಲಿಂದ ಬರಬೇಕು ಎಂಬುದರಲ್ಲಿ ನಾವು ಕಟ್ಟುನಿಟ್ಟಾಗಿರಬೇಕೆಂದು ನಮ್ಮ ಅಭಿಪ್ರಾಯ. ವಾಳೆಯ ಗುರಿಕಾರರ ಬಳಿ ಕುಟುಂಬಗಳ ನಂಬರುಗಳಿರುತ್ತವೆ, ಯುವ ಸಂಘಟನೆಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಅದನ್ನು ತೆಗೆದುಕೊಂಡು ವಿಮೆ, ಜಾಗ, ಸಿಹಿತಿಂಡಿ ಎಂದು ಸಂದೇಶ ಕಳುಹಿಸುವವರು ನಮ್ಮ ನಡುವೆಯೇ ಇದ್ದಾರೆ. ಮರಣದ ಸುದ್ದಿ, ಪೂಜೆಯ ಸಮಯ ತಿಳಿಯಲೆಂದು ಕೊಟ್ಟ ನಂಬರು ಅದು, ವ್ಯಾಪಾರಕ್ಕೆ ಕೊಟ್ಟದ್ದಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತಿರುಳು ಕೂಡ ಇದೇ: ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದೆವೋ ಅದಕ್ಕೇ ಬಳಸಬೇಕು, ಬೇಡವೆಂದರೆ ಬಿಡಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ. ಡಬ್ಬಿ ಕೊಡುವಾಗ "ಮುಂದಿನ ವರ್ಷ ತಿಳಿಸಲೇ?" ಎಂದು ಕೇಳಿ, ಹೌದೆಂದವರ ನಂಬರನ್ನು ಮಾತ್ರ ಬರೆದುಕೊಳ್ಳುವುದು ಕಷ್ಟದ ಕೆಲಸವಲ್ಲ. ಅವರನ್ನು ಗುಂಪಿಗೆ ಸೇರಿಸದೆ ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ತಿಳಿಸಿದರೆ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲಪುವುದರಿಂದ, ನಂಬರು ಉಳಿಸಿಕೊಳ್ಳುವಂತೆ ಮೊದಲೇ ವಿನಂತಿಸಿಕೊಳ್ಳಬೇಕು.

ಕೊನೆಯದಾಗಿ ಸಮಯದ ಬಗ್ಗೆ. ಕುಸ್ವಾರ್ ಮಾರುವವರು ಡಿಸೆಂಬರ್ 15ಕ್ಕೆ ಜಾಹೀರಾತು ಆರಂಭಿಸಿದರೆ ತಡವಾಯಿತು. ವಿದೇಶದಲ್ಲಿರುವವರು ನವೆಂಬರಿನಲ್ಲಿಯೇ ವಿಚಾರಿಸತೊಡಗುತ್ತಾರೆ. ಮನೆಯಲ್ಲಿ ತಯಾರಿಸುವ ತಿಂಡಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅದನ್ನು ಅಕ್ಟೋಬರಿನೊಳಗೆ ಮಾಡಿಸಿಕೊಂಡರೆ ಕೊನೆಯ ಗಳಿಗೆಯ ಓಡಾಟ ತಪ್ಪುತ್ತದೆ. ಎರಡು ಕೈಗಳಿಂದ ಎಷ್ಟು ಡಬ್ಬಿ ಆಗುವುದೋ ಅಷ್ಟಕ್ಕೇ ಆರ್ಡರ್ ತೆಗೆದುಕೊಂಡು, ಭರ್ತಿಯಾದ ದಿನವೇ ಜಾಹೀರಾತನ್ನು ನಿಲ್ಲಿಸಬೇಕು. ಅದು ತಾನಾಗಿ ನಿಲ್ಲುವುದಿಲ್ಲ. ನಾವು ಇಟ್ಟ ಹಣ ಮುಗಿಯುವವರೆಗೆ ಕ್ರಿಸ್ಮಸ್ ಕಳೆದ ಮೇಲೂ ಕುಸ್ವಾರ್ ಬೇಕೇ ಎಂದು ಕೇಳುತ್ತಲೇ ಇರುತ್ತದೆ.